20,000 ಚದರ ಮೀಟರ್‌ನ ಗೆರೆ: ಮನೆ, ಇಸಿ ಮತ್ತು ರಾಜಕಾಲುವೆ

ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಬೀರುವಿನಲ್ಲಿ ಒಂದು ಹಳೇ ಫೈಲ್ ಇದೆ. ಬಿಲ್ಡರ್ ಕಟ್ಟಡವನ್ನು ನಮ್ಮ ಕೈಗೆ ಒಪ್ಪಿಸುವಾಗ ಕೊಟ್ಟ ಕಾಗದಗಳೆಲ್ಲ ಅದರಲ್ಲಿವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು, ಟ್ಯಾಂಕರಿಗೆ ಕಾಯುತ್ತ ಕೂತಿದ್ದ ಒಂದು ಭಾನುವಾರ ಆ ಫೈಲ್ ತೆಗೆದು ನೋಡಿದೆ. ಒಳಗೆ ಪರಿಸರ ಅನುಮತಿ ಪತ್ರವಿತ್ತು. ಬಿಲ್ಡರುಗಳ ಬಾಯಲ್ಲಿ ಅದು 'ಇಸಿ'. ನೀರಿನ ಮೂಲ ಯಾವುದು ಎಂಬ ಸಾಲಿನ ಮುಂದೆ 'ಕಾವೇರಿ' ಎಂದು ಬರೆದಿತ್ತು. ನಮ್ಮ ರಸ್ತೆಗೆ ಆಗ ಕಾವೇರಿ ಪೈಪೇ ಬಂದಿರಲಿಲ್ಲ.

ದೊಡ್ಡ ವಸತಿ ಕಟ್ಟಡಗಳಿಗೆ ಪರಿಸರ ಪರಿಶೀಲನೆ ಸಡಿಲಿಸಬೇಕೋ ಬೇಡವೋ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಸಡಿಲಿಸಿ ಎನ್ನುವವರು ಈ ಪರಿಶೀಲನೆ ಬರೀ ಕಾಗದದ ಕೆಲಸ ಎನ್ನುತ್ತಾರೆ. ಬೇಡ ಎನ್ನುವವರು ಊರಿಗೆ ಉಳಿದಿರುವ ಕಾವಲು ಇದೊಂದೇ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡೂ ಮಾತು ನಿಜ. ಹಾಗಾಗಿಯೇ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ನಿಯಮ ಏನು ಹೇಳುತ್ತದೆ ಎಂದು ನೋಡೋಣ. 2004ರ ಜುಲೈವರೆಗೆ ನಮ್ಮ ದೇಶದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಕೇಂದ್ರದ ಪರಿಸರ ಅನುಮತಿ ಬೇಕಿರಲಿಲ್ಲ. ಆ ವರ್ಷ ಸಾವಿರ ಜನಕ್ಕಿಂತ ಜಾಸ್ತಿ ಇರುವ, ಅಥವಾ ದಿನಕ್ಕೆ 50,000 ಲೀಟರ್‌ಗಿಂತ ಹೆಚ್ಚು ಕೊಳಚೆ ನೀರು ಬಿಡುವ, ಅಥವಾ 50 ಕೋಟಿ ರೂಪಾಯಿಗಿಂತ ಹೆಚ್ಚು ಹಣ ಹೂಡುವ ಕಟ್ಟಡಗಳನ್ನು ನಿಯಮದೊಳಗೆ ತಂದರು. 2006ರ ಸೆಪ್ಟೆಂಬರ್ 14ರಂದು ಹೊಸ ಅಧಿಸೂಚನೆ ಬಂತು. ಅಲ್ಲಿ ಜನ, ಕೊಳಚೆ, ಹಣ ಎಲ್ಲ ಬಿಟ್ಟು ಒಂದೇ ಅಳತೆ ಇಟ್ಟುಕೊಂಡರು: ಕಟ್ಟಡದ ವಿಸ್ತೀರ್ಣ. 20,000 ಚದರ ಮೀಟರ್‌ನಿಂದ ಮೇಲೆ ಇದ್ದರೆ ಇಸಿ ಬೇಕು. 1,50,000 ಚದರ ಮೀಟರ್ ಮುಟ್ಟಿದರೆ ಅಥವಾ ಜಾಗ 50 ಹೆಕ್ಟೇರ್ ಇದ್ದರೆ ಪೂರ್ತಿ ಅಧ್ಯಯನದ ವರದಿಯೂ ಬೇಕು. ಇವತ್ತಿಗೂ ಇದೇ ಗೆರೆ.

20,000 ಚದರ ಮೀಟರ್ ಅಂದರೆ ಸುಮಾರು 2,15,000 ಚದರಡಿ. ಪಾರ್ಕಿಂಗ್, ಕಾರಿಡಾರ್ ಎಲ್ಲ ಸೇರಿಸಿದರೆ ಹೆಚ್ಚುಕಡಿಮೆ 150 ಮನೆ. ಮನೆಗೆ ನಾಲ್ಕು ಜನ ಎಂದರೂ 600 ಜನ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಅಂದರೆ ದಿನಕ್ಕೆ 81,000 ಲೀಟರ್ ನೀರು ಬೇಕು. ಅದರಲ್ಲಿ ಹತ್ತಿರ ಹತ್ತಿರ 65,000 ಲೀಟರ್ ಕೊಳಚೆಯಾಗಿ ಹೊರಗೆ ಬರುತ್ತದೆ. ಇಸಿ ಕೇಳುವ ಮುಖ್ಯ ಪ್ರಶ್ನೆಗಳು ಇವೇ. ಈ ನೀರು ಎಲ್ಲಿಂದ, ಆ ಕೊಳಚೆ ಎಲ್ಲಿಗೆ, ಮಳೆನೀರು ಯಾವ ಕಡೆ ಹರಿಯುತ್ತದೆ, ಅಗೆದ ಮಣ್ಣು ಎಲ್ಲಿ ಸುರಿಯುತ್ತೀರಿ, ಎಷ್ಟು ಮರ ಕಡಿಯುತ್ತೀರಿ, ಎಷ್ಟು ಕಾರು ರಸ್ತೆಗೆ ಇಳಿಯುತ್ತವೆ.

ಅರ್ಜಿ ರಾಜ್ಯ ಮಟ್ಟದ ತಜ್ಞರ ಸಮಿತಿಗೆ ಹೋಗುತ್ತದೆ. ಸಮಿತಿಗೆ 60 ದಿನ, ಆಮೇಲೆ ತೀರ್ಮಾನ ಕೊಡುವ ಪ್ರಾಧಿಕಾರಕ್ಕೆ 45 ದಿನ. ಎರಡೂ ಸೇರಿ 105 ದಿನ. ಇದು ಕಾಗದದ ಮೇಲಿನ ಲೆಕ್ಕ. ಸಮಿತಿ ಮತ್ತೆ ಮತ್ತೆ ಮಾಹಿತಿ ಕೇಳಿದರೆ ದಿನಗಳು ಬೆಳೆಯುತ್ತವೆ. ಸಮಿತಿಯ ಅವಧಿಯೂ ಮೂರೇ ವರ್ಷ. ಅದು ಮುಗಿದು ಹೊಸಬರ ನೇಮಕ ತಡವಾದರೆ ಅಷ್ಟೂ ಫೈಲುಗಳು ಇದ್ದಲ್ಲೇ ಇರುತ್ತವೆ.

ಬಿಲ್ಡರುಗಳ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. 60 ಕೋಟಿ ಸಾಲ ತಂದು ಜಾಗ ಕೊಂಡಿದ್ದಾರೆ, ಬಡ್ಡಿ ವರ್ಷಕ್ಕೆ ನೂರಕ್ಕೆ 12. ತಿಂಗಳಿಗೆ 60 ಲಕ್ಷ ಬಡ್ಡಿಗೇ ಹೋಗುತ್ತದೆ. 150 ಮನೆಗೆ ಹಂಚಿದರೆ ಒಂದು ತಿಂಗಳ ತಡಕ್ಕೆ ಮನೆಯೊಂದಕ್ಕೆ 40,000 ರೂಪಾಯಿ. ಅದನ್ನು ಕೊನೆಗೆ ಕಟ್ಟುವವರು ಮನೆ ಕೊಳ್ಳುವವರೇ.

ಈಗ ಇನ್ನೊಂದು ಲೆಕ್ಕ. 81,000 ಲೀಟರ್ ಅಂದರೆ 12,000 ಲೀಟರಿನ ಏಳು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಅಂಥ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಿತು. ಆ ದರದಲ್ಲೇ ನೀರು ತರಿಸಿದರೂ ಮನೆಗೆ ತಿಂಗಳಿಗೆ 1,400, ವರ್ಷಕ್ಕೆ 16,800. ಇಪ್ಪತ್ತು ವರ್ಷಕ್ಕೆ 3,36,000. ಅಂದರೆ ನೀರಿನ ಲೆಕ್ಕ ತಪ್ಪಿದ ಒಂದು ಅನುಮತಿ, ಎಂಟು ತಿಂಗಳ ತಡಕ್ಕಿಂತ ಹೆಚ್ಚು ದುಬಾರಿ. ತಡದ ಖರ್ಚು ಮನೆಯ ಬೆಲೆಯಲ್ಲಿ ಕಣ್ಣಿಗೆ ಕಾಣುತ್ತದೆ. ಟ್ಯಾಂಕರಿನ ಖರ್ಚು ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಕರಗಿಹೋಗುತ್ತದೆ. 'ಇಸಿಯಿಂದ ಮನೆ ದುಬಾರಿ' ಎಂಬ ಮಾತನ್ನು ನಾನು ಅರ್ಧಕ್ಕಷ್ಟೇ ಒಪ್ಪುವುದು ಅದಕ್ಕೇ.

ಸಡಿಲಿಸುವ ಪ್ರಯತ್ನಗಳಿಗೆ ದೊಡ್ಡ ಇತಿಹಾಸವೇ ಇದೆ. 2014ರ ಡಿಸೆಂಬರ್‌ನಲ್ಲಿ ಕೈಗಾರಿಕಾ ಶೆಡ್, ಶಾಲೆ, ಕಾಲೇಜು, ಹಾಸ್ಟೆಲ್‌ಗಳಿಗೆ 1,50,000 ಚದರ ಮೀಟರ್‌ವರೆಗೆ ವಿನಾಯಿತಿ ಕೊಟ್ಟರು. 2016ರ ಡಿಸೆಂಬರ್ 9ರಂದು ಅದಕ್ಕಿಂತ ದೊಡ್ಡ ಬದಲಾವಣೆ ಬಂತು. 2022ಕ್ಕೆ ಎಲ್ಲರಿಗೂ ಮನೆ ಎಂಬ ಗುರಿಯನ್ನು ಕಾರಣವಾಗಿ ತೋರಿಸಿ, 1,50,000 ಚದರ ಮೀಟರ್‌ವರೆಗಿನ ಕಟ್ಟಡಗಳ ಪರಿಸರ ಷರತ್ತನ್ನು ಪಾಲಿಕೆಗಳ ಕಟ್ಟಡ ಬೈಲಾಗೆ ಸೇರಿಸಿದರು. ಪ್ಲಾನ್ ಮಂಜೂರು ಮಾಡುವ ಕೈಯೇ ಪರಿಸರವನ್ನೂ ನೋಡಿಕೊಳ್ಳಬೇಕು ಎಂದಾಯಿತು. ಮರುವರ್ಷ ಡಿಸೆಂಬರ್ 8ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದರ ಮುಖ್ಯ ಭಾಗಗಳನ್ನು ಒಪ್ಪಲಿಲ್ಲ. ಒಮ್ಮೆ ಕೊಟ್ಟ ರಕ್ಷಣೆಯಿಂದ ಹಿಂದೆ ಸರಿಯಬಾರದು ಎಂಬ ತತ್ವಕ್ಕೆ ಇದು ವಿರುದ್ಧ ಎಂದಿತು. 2018ರ ನವೆಂಬರ್‌ನಲ್ಲಿ 20,000ದಿಂದ 50,000 ಚದರ ಮೀಟರ್‌ವರೆಗಿನವನ್ನು ಸ್ಥಳೀಯ ಸಂಸ್ಥೆಗೆ ಬಿಡುವ ಇನ್ನೊಂದು ಅಧಿಸೂಚನೆ ಬಂತು. ಅದೇ ತಿಂಗಳು ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು.

2020ರ ಕತೆ ಕನ್ನಡದವರು ನೆನಪಿಟ್ಟುಕೊಳ್ಳಬೇಕಾದದ್ದು. ಆ ವರ್ಷ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾಗುವ ಹೊತ್ತಿಗೆ, ಇಡೀ ನಿಯಮವನ್ನೇ ಬದಲಿಸುವ ಕರಡು ಹೊರಬಂತು. ಅದು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಭಿಪ್ರಾಯ ಹೇಳಿ ಎಂದು ದೇಶದ ಜನರನ್ನೆಲ್ಲ ಕೇಳಿದ್ದರು. ಓದಲಾಗದ ಕರಡಿಗೆ ಅಭಿಪ್ರಾಯ ಹೇಳುವುದು ಹೇಗೆ, ಅಲ್ವಾ? ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಿತು. ಅನುವಾದ ಬರಲಿಲ್ಲ. ಆಗಸ್ಟ್ 5ರಂದು ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ಆದೇಶ ಕೊಟ್ಟಿತು. ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಅಭಯ್ ಓಕಾ. ಆ ಕರಡು ಮುಂದೆ ಅಂತಿಮವಾಗಲೇ ಇಲ್ಲ.

2025 ಅಂತೂ ಈ ವಿಷಯಕ್ಕೆ ತುಂಬ ಬಿರುಸಿನ ವರ್ಷ. 2014ರ ವಿನಾಯಿತಿಯನ್ನು ಕೇರಳ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿತ್ತು. ಕೇಂದ್ರ ಅದನ್ನೇ 2025ರ ಜನವರಿ 29ರಂದು ಹೊಸ ರೂಪದಲ್ಲಿ ತಂದಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಆಗಸ್ಟ್ 5ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ತೀರ್ಪು ಕೊಟ್ಟಿತು. 20,000 ಚದರ ಮೀಟರ್ ದಾಟಿದ ಕಟ್ಟಡ ಯಾವುದೇ ಇರಲಿ, ಅದರ ಹೊರೆ ಪರಿಸರದ ಮೇಲೆ ಬಿದ್ದೇ ಬೀಳುತ್ತದೆ. ಶಾಲೆಗೋ ಕಾರ್ಖಾನೆಗೋ ಬೇರೆ ನ್ಯಾಯ ಇರಲು ಕಾರಣವಿಲ್ಲ. ಇದು ತೀರ್ಪಿನ ಸಾರ. ಆದರೆ ಅಧಿಸೂಚನೆಯ ಉಳಿದ ಭಾಗ ಉಳಿಯಿತು. ಸೂಕ್ಷ್ಮ ಪ್ರದೇಶದ ಹತ್ತಿರದ ಕಟ್ಟಡಗಳನ್ನೂ ದೆಹಲಿಗೆ ಕಳಿಸದೆ ರಾಜ್ಯದ ಪ್ರಾಧಿಕಾರವೇ ನೋಡಬಹುದು ಎಂದಾಯಿತು.

ಇದರ ಜೊತೆಗೇ ಇನ್ನೊಂದು ವ್ಯಾಜ್ಯ ನಡೆಯುತ್ತಿತ್ತು. ಮೊದಲು ಕಟ್ಟಿ ಆಮೇಲೆ ಇಸಿ ಪಡೆಯಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಮೇ 16ರಂದು ನ್ಯಾಯಮೂರ್ತಿ ಓಕಾ ಅವರ ಪೀಠ ಆಗದು ಎಂದಿತು. ಆ ಹೊತ್ತಿಗೆ ಅವರು ಸುಪ್ರೀಂ ಕೋರ್ಟಿನಲ್ಲಿದ್ದರು. ಬಿಲ್ಡರುಗಳ ಒಕ್ಕೂಟ ಮರುಪರಿಶೀಲನೆ ಕೇಳಿತು. ನವೆಂಬರ್ 18ರಂದು ಮೂವರ ಪೀಠದಲ್ಲಿ ಇಬ್ಬರು ಆ ತೀರ್ಪನ್ನು ಹಿಂಪಡೆದರು. ಸುಮಾರು 20,000 ಕೋಟಿ ರೂಪಾಯಿಯ ಸಾರ್ವಜನಿಕ ಕಾಮಗಾರಿಗಳನ್ನು ಕೆಡವಬೇಕಾಗುತ್ತದೆ ಎಂಬುದು ಮುಖ್ಯ ಕಾರಣಗಳಲ್ಲಿ ಒಂದು. ಆ ಪಟ್ಟಿಯಲ್ಲಿ ಒಡಿಶಾದ ಏಮ್ಸ್ ಆಸ್ಪತ್ರೆಯ ಜೊತೆ ನಮ್ಮ ವಿಜಯನಗರದ ವಿಮಾನ ನಿಲ್ದಾಣದ ಹೆಸರೂ ಇತ್ತು. ಮೇ ತಿಂಗಳ ಪೀಠದಲ್ಲೂ ಇದ್ದ ನ್ಯಾಯಮೂರ್ತಿ ಉಜ್ಜಲ್ ಭೂಯಾನ್ ಭಿನ್ನ ತೀರ್ಪು ಬರೆದರು.

ಕಟ್ಟಿದ್ದನ್ನು ಕೆಡವುವುದು ಪರಿಸರಕ್ಕೂ ಒಳ್ಳೆಯದಲ್ಲ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಪರಿಶೀಲನೆಯ ಅರ್ಥವೇ ಮೊದಲು ನೋಡುವುದು. ಪಾಯ ಎದ್ದ ಮೇಲೆ ಮಳೆನೀರಿನ ದಾರಿ ಕೇಳಿದರೆ ಉತ್ತರ ಆಗಲೇ ಕಾಂಕ್ರೀಟಿನಲ್ಲಿ ಇರುತ್ತದೆ. ದಂಡ ಕಟ್ಟಿಸಿಕೊಂಡರೂ ನೀರು ದಾರಿ ಬದಲಿಸುವುದಿಲ್ಲ. ಪುಣೆಯ ಒಂದು ವಸತಿ ಯೋಜನೆ ಇಸಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಕಟ್ಟಿತು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ 100 ಕೋಟಿ ಅಥವಾ ಯೋಜನೆಯ ವೆಚ್ಚದ ಶೇ 10, ಯಾವುದು ಹೆಚ್ಚೋ ಅದನ್ನು ವಿಧಿಸಿತು. ದೊಡ್ಡ ಮೊತ್ತವೇ. ಆದರೆ ಅಷ್ಟು ಹೊತ್ತಿಗೆ ಕಟ್ಟಡಗಳು ಎದ್ದಾಗಿತ್ತು.

ಬೆಂಗಳೂರು ಈ ಚರ್ಚೆಯ ಹೊರಗಿಲ್ಲ. ನಿಜ ಹೇಳಬೇಕೆಂದರೆ ಸುಪ್ರೀಂ ಕೋರ್ಟೇ ನಮ್ಮ ಊರನ್ನು ಉದಾಹರಣೆ ಮಾಡಿಕೊಂಡಿದೆ. 2023ರ ಜನವರಿ 10ರಂದು ಚಂಡೀಗಢದ ಮನೆಗಳ ಬಗ್ಗೆ ಒಂದು ತೀರ್ಪು ಬಂತು. ಪೀಠದಲ್ಲಿ ಗವಾಯಿ ಅವರೂ ನಮ್ಮ ಬಿ.ವಿ. ನಾಗರತ್ನ ಅವರೂ ಇದ್ದರು. ಒಳ್ಳೆಯ ಊರಾಗಿದ್ದ ಬೆಂಗಳೂರು ಹೇಗೆ ಕೆಟ್ಟಿತು ಎಂಬ ಪತ್ರಿಕಾ ಲೇಖನವನ್ನು ಆ ತೀರ್ಪು ಉಲ್ಲೇಖಿಸುತ್ತದೆ. ಬೆಂಗಳೂರು ಕೊಡುತ್ತಿರುವ ಎಚ್ಚರಿಕೆಯನ್ನು ಕೇಳಿಸಿಕೊಳ್ಳಿ, ನಗರ ಬೆಳೆಯಲು ಬಿಡುವ ಮೊದಲು ಪರಿಸರದ ಪರಿಣಾಮ ನೋಡಿ ಎಂದು ಸರ್ಕಾರಗಳಿಗೆ ಹೇಳುತ್ತದೆ. ಚಂಡೀಗಢದವರಿಗೆ ಬೆಂಗಳೂರನ್ನು ತೋರಿಸಿ ಎಚ್ಚರಿಸುವ ಸ್ಥಿತಿ ಬಂತಲ್ಲ ಎಂದು ಆ ದಿನ ಓದಿ ಸಂಕಟವಾಯಿತು.

ಸಂಕಟಕ್ಕೆ ಕಾರಣಗಳು ನಮ್ಮ ಕಣ್ಣೆದುರೇ ಇವೆ. ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ, 2018ರ ಜನವರಿಯಲ್ಲಿ ಮತ್ತೆ ಬೆಂಕಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಒಂದೂವರೆ ವರ್ಷ ಕಳೆಯುವುದರೊಳಗೆ ಅದೇ ಊರಿನಲ್ಲಿ ಕುಡಿಯಲು ನೀರಿಲ್ಲ. ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ಬಂದು ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳ ಕಡೆ ಸ್ವಲ್ಪ ಉಸಿರಾಡುವಂತಾಗಿದೆ. ಅದೂ ಕಟ್ಟಡಗಳು ಎದ್ದು ಎಷ್ಟೋ ವರ್ಷದ ಮೇಲೆ.

ಇಷ್ಟೆಲ್ಲ ಆದಾಗ ಇಸಿ ಎಲ್ಲಿತ್ತು? ಅಲ್ಲೇ ಇತ್ತು. ಆ ಭಾಗದ ದೊಡ್ಡ ಕಟ್ಟಡಗಳಿಗೆ ಇಸಿ ಬೇಕು ಎಂಬ ನಿಯಮ 2006ರಿಂದಲೂ ಇದೆ. ಇಲ್ಲೇ ನನ್ನ ಮುಖ್ಯ ಮಾತು ಬರುವುದು. ನಮ್ಮ ಇಸಿ ಒಂದೊಂದು ಕಟ್ಟಡವನ್ನೂ ಒಂಟಿಯಾಗಿ ನೋಡುತ್ತದೆ. ನೀರು ಹಾಗೆ ಹರಿಯುವುದಿಲ್ಲ. ಮಳೆನೀರು ಹರಿಯುವ ಒಂದೇ ರಾಜಕಾಲುವೆಯ ದಂಡೆಯಲ್ಲಿ ಹತ್ತು ಕಟ್ಟಡ ಎದ್ದರೆ ಹತ್ತಕ್ಕೂ ಬೇರೆ ಬೇರೆ ಫೈಲ್. ಪ್ರತಿ ಫೈಲಿನಲ್ಲೂ ಕಾಲುವೆಗೆ ಜಾಗ ಇದೆ ಎಂದೇ ಇರುತ್ತದೆ. ಹತ್ತೂ ಸೇರಿದರೆ ಕಾಲುವೆ ತಡೆಯುತ್ತದೆಯೇ ಎಂದು ಕೇಳುವ ಫೈಲೇ ಇಲ್ಲ. 20,000ಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದ ಕಟ್ಟಡಗಳಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥ ನಾಲ್ಕು ಕಟ್ಟಡ ಅಕ್ಕಪಕ್ಕ ಬಂದರೂ ಅಷ್ಟೇ.

ಫೈಲಿಗೆ ಅಂಕಿಅಂಶ ಕೊಡುವುದೂ ಅರ್ಜಿದಾರರೇ. ವರದಿ ಬರೆಯುವ ಕನ್ಸಲ್ಟೆಂಟಿಗೆ ಹಣ ಕೊಡುವುದೂ ಅವರೇ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣದಲ್ಲಿ ಇದು ಚೆನ್ನಾಗಿ ಬಯಲಾಯಿತು. ಕೆಲವೇ ನೂರು ಮರ ಹೋಗುತ್ತವೆ ಎಂದು ಮೊದಲು ಹೇಳಿದ್ದ ಕಡೆ 16,000ಕ್ಕೂ ಹೆಚ್ಚು ಮರ ಇದ್ದವು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಅದು ಮನೆಯಲ್ಲ, ರಸ್ತೆ. ಆದರೆ ಫೈಲು ತಯಾರಾಗುವ ರೀತಿ ಎರಡಕ್ಕೂ ಒಂದೇ.

ಕಾಲುವೆ ಮತ್ತು ಕೆರೆಗೆ ಎಷ್ಟು ಜಾಗ ಬಿಡಬೇಕು ಎಂಬುದೂ ಹಾಗೇ ಎಳೆದಾಡುತ್ತಿದೆ. ನಗರದ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿ 50, 25, 15 ಮೀಟರ್. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಯೋಜನೆಗಳ ಮೇಲೆ ವ್ಯಾಜ್ಯ ನಡೆದಾಗ ಹಸಿರು ನ್ಯಾಯಮಂಡಳಿ 2016ರ ಮೇನಲ್ಲಿ ಕೆರೆಗೆ 75 ಮೀಟರ್, ಕಾಲುವೆಗೆ 50, 35, 25 ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನ್ ಹೇಳಿದ್ದನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಎಂಬುದು ಕಾರಣ. 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ಕೆರೆಗಳ ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು. ಅದರಲ್ಲಿ 100 ಎಕರೆಗಿಂತ ದೊಡ್ಡ ಕೆರೆಗೆ ಮಾತ್ರ 30 ಮೀಟರ್ ಉಳಿಯುತ್ತದೆ. ಕೆರೆ ಸಣ್ಣದಾದಷ್ಟೂ ಅಂಚಿನ ಜಾಗ ಕಡಿಮೆ. ತೀರಾ ಸಣ್ಣ ಕುಂಟೆಗೆ ಏನೂ ಇಲ್ಲ. ನಮ್ಮ ಕೆರೆಗಳು ಸರಪಳಿಯಂತೆ ಇರುವವು. ಮೇಲಿನ ಸಣ್ಣ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ದೊಡ್ಡ ಕೆರೆಗೆ ಬರುತ್ತದೆ. ಸಣ್ಣದರ ಅಂಚು ಮುಚ್ಚಿದರೆ ದೊಡ್ಡದಕ್ಕೆ ಬಿಟ್ಟ 30 ಮೀಟರ್‌ನಿಂದ ಏನು ಪ್ರಯೋಜನ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಣಿಗೋ ಕಾರ್ಖಾನೆಗೋ ಇರುವ ಹಾಗೆ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. 2006ರ ಅಧಿಸೂಚನೆಯೇ ಅದನ್ನು ಬಿಟ್ಟಿದೆ. ಪಕ್ಕದ ಬೀದಿಯವರಿಗೆ ವಿಷಯ ತಿಳಿಯುವುದು ಅನುಮತಿ ಸಿಕ್ಕಿದ ಮೇಲೆ. ಎರಡು ಪತ್ರಿಕೆಗಳಲ್ಲಿ, ಅದರಲ್ಲೂ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ, ಸಣ್ಣ ಜಾಹೀರಾತು ಕೊಡಬೇಕು ಎಂಬ ಷರತ್ತು ಇರುತ್ತದೆ. ಅಲ್ಲಿಂದ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ, ತಕ್ಕ ಕಾರಣ ಇದ್ದರೆ ಇನ್ನು 60 ದಿನ. ಜನರ ದನಿಗೆ ಇರುವ ಕಿಂಡಿ ಇಷ್ಟೇ.

ಇದನ್ನು ಕ್ಯಾಲಿಫೋರ್ನಿಯಾದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮಲ್ಲಿ ಸಡಿಲಿಕೆ ಕೇಳುವವರು ಈಗ ಅಲ್ಲಿನ ಉದಾಹರಣೆ ಕೊಡುತ್ತಿದ್ದಾರೆ. ಅಲ್ಲಿನ ಪರಿಸರ ಪರಿಶೀಲನೆ ಕಾಯ್ದೆ 1970ರದು. ಅದರಡಿ ಯಾವ ನೆರೆಯವರಾದರೂ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಟ್ಟಡ ನಿಲ್ಲಿಸಬಹುದಿತ್ತು. ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟಡವೊಂದು, ಹುಡುಗರ ಗಲಾಟೆಯ ಸದ್ದನ್ನೂ ಮಾಲಿನ್ಯವೆಂದು ಲೆಕ್ಕ ಹಾಕಬೇಕು ಎಂಬ ವಾದದಿಂದ 2023ರಲ್ಲಿ ನಿಂತುಹೋಯಿತು. ಕಾನೂನನ್ನೇ ತಿದ್ದಬೇಕಾಯಿತು. 2025ರ ಜೂನ್ 30ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಕಾನೂನು, ನಗರದೊಳಗಿನ 20 ಎಕರೆವರೆಗಿನ ಹೆಚ್ಚಿನ ವಸತಿ ಯೋಜನೆಗಳಿಗೆ ಈ ಪರಿಶೀಲನೆಯಿಂದ ಬಿಡುಗಡೆ ಕೊಟ್ಟಿತು. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಬಾಡಿಗೆ ಕಟ್ಟಿ ಬೇಸತ್ತ ನಮ್ಮವರೂ ಇದನ್ನು ಸಂತೋಷದಿಂದಲೇ ನೋಡಿರುತ್ತಾರೆ.

ಆದರೆ ಅಲ್ಲಿನ ವಿನಾಯಿತಿ ಸಿಗುವುದು ಸುತ್ತ ಆಗಲೇ ಊರು ಬೆಳೆದಿರುವ, ನಗರದ ಯೋಜನೆಗೆ ಹೊಂದುವ ಜಾಗಕ್ಕೆ. ಜೌಗು ಭೂಮಿಯಂಥ ಕಡೆ ಅದು ಸಿಗುವುದಿಲ್ಲ. ಅಂದರೆ ಎಲ್ಲಿ ಎಷ್ಟು ಕಟ್ಟಬಹುದು ಎಂದು ನಗರ ಮೊದಲೇ ಕೂತು ಲೆಕ್ಕ ಹಾಕಿದೆ. ಒಂದೊಂದು ಕಟ್ಟಡಕ್ಕೂ ಅದೇ ಪ್ರಶ್ನೆ ಮತ್ತೆ ಕೇಳುವುದನ್ನು ಬಿಟ್ಟಿದ್ದಾರೆ. ನಮ್ಮಲ್ಲಿ ಆ ಮೊದಲ ಲೆಕ್ಕವೇ ಇಲ್ಲ. ಬೆಂಗಳೂರು ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ 2015ರ ಮಾಸ್ಟರ್ ಪ್ಲಾನ್ ಮೇಲೆ. 2007ರಲ್ಲಿ ಹುಟ್ಟಿದ ಮಗು ಈಗ ಮತ ಹಾಕುವ ವಯಸ್ಸಿಗೆ ಬಂದಿದೆ. 2031ರ ಕರಡು ಪ್ಲಾನನ್ನು 2020ರಲ್ಲಿ ವಾಪಸ್ ತೆಗೆದುಕೊಂಡರು.

ಹಾಗಾಗಿ ನಾನು ಸಡಿಲಿಕೆಗೆ ಒಟ್ಟಾರೆ ವಿರೋಧಿಯಲ್ಲ. ಮೆಟ್ರೋ ಹತ್ತಿರ, ಕಾವೇರಿ ಪೈಪ್ ಇರುವ, ಒಳಚರಂಡಿಗೆ ತಾಕತ್ತಿರುವ ಜಾಗದಲ್ಲಿ 200 ಮನೆ ಏಳುವುದಾದರೆ ಅದಕ್ಕೆ ವರ್ಷಗಟ್ಟಲೆ ಕಾಯಿಸುವುದು ತಪ್ಪು. ಅಲ್ಲಿ ಮನೆ ಸಿಗದ ಜನ ಊರಾಚೆ ಕೆರೆ ಅಂಚಿಗೆ ಹೋಗುತ್ತಾರೆ, ದಿನಾ ಎರಡು ಗಂಟೆ ಗಾಡಿ ಓಡಿಸುತ್ತಾರೆ. ಅದರಿಂದ ಪರಿಸರಕ್ಕೆ ಆಗುವ ನಷ್ಟವೇ ಜಾಸ್ತಿ. ಅಂಥ ಜಾಗಕ್ಕೆ ತಿಂಗಳೊಪ್ಪತ್ತಿನಲ್ಲಿ ಅನುಮತಿ ಸಿಗಲಿ. ಆದರೆ ಯಾವುದು ಅಂಥ ಜಾಗ ಎಂದು ಹೇಳುವ ಲೆಕ್ಕ ಮೊದಲು ಸಿದ್ಧವಾಗಬೇಕು, ಬಿಲ್ಡರ್ ಕೈಯಿಂದಲ್ಲ.

ಬೆಂಗಳೂರಿಗೆ ಈ ಲೆಕ್ಕ ಹಾಕುವುದು ಬೇರೆ ಊರುಗಳಿಗಿಂತ ಸುಲಭ. ಎತ್ತರದ ದಿಣ್ಣೆಯ ಮೇಲಿನ ಊರು ಇದು. ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಅರ್ಕಾವತಿಯ ಕಡೆಗೆ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳದವು ದಕ್ಷಿಣ ಪಿನಾಕಿನಿಯ ಕಡೆಗೆ. ಪ್ರತಿ ಕಣಿವೆಗೂ ಇನ್ನೆಷ್ಟು ಕೊಳಚೆ ಸೇರಿದರೆ ಶುದ್ಧೀಕರಣ ಘಟಕ ತಾಳುತ್ತದೆ, ಎಷ್ಟು ಮಳೆಗೆ ಕಾಲುವೆ ಉಕ್ಕುತ್ತದೆ, ಕಾವೇರಿ ಎಷ್ಟು ಬರುತ್ತದೆ ಎಂದು ಸರ್ವೆ ನಂಬರ್ ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ಹೊಸ ಕಟ್ಟಡ ಬಂದಂತೆ ಉಳಿದ ಸಂಖ್ಯೆ ಇಳಿಯುತ್ತ ಹೋಗಲಿ. ಸೊನ್ನೆ ಮುಟ್ಟಿದ ಕಡೆ 20,000 ಚದರ ಮೀಟರ್ ಅಲ್ಲ, 2,000ಕ್ಕೂ ನಿಲ್ಲಿ ಎನ್ನಬೇಕು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಐದು ಪಾಲಿಕೆಗಳು 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಿವೆ. ಅವರು ಮೊದಲು ಮಾಡಬೇಕಾದ ಕೆಲಸ ಇದು. ಕಾಲುವೆಗೆ ಪಾಲಿಕೆಯ ಗಡಿ ಗೊತ್ತಾಗುವುದಿಲ್ಲ, ಆದ್ದರಿಂದ ಐದೂ ಪಾಲಿಕೆ ಒಟ್ಟಿಗೆ ಕೂರಬೇಕು.

ಅಲ್ಲಿಯವರೆಗೆ ಮನೆ ಕೊಳ್ಳುವವರು ಒಂದು ಕೆಲಸ ಮಾಡಬಹುದು. ಇಸಿ ಪತ್ರಗಳು ಕೇಂದ್ರದ ಪರಿವೇಷ್ ಜಾಲತಾಣದಲ್ಲಿ ಸಿಗುತ್ತವೆ. ಯೋಜನೆಯ ಹೆಸರು ಹಾಕಿ ಹುಡುಕಿ. ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು. ಅದು ಇದೆಯೇ ನೋಡಿ. ನೀರಿನ ಮೂಲದ ಸಾಲು ಓದಿ. 'ಕಾವೇರಿ' ಎಂದಿದ್ದರೆ ಜಲಮಂಡಳಿಯ ಪತ್ರ ಎಲ್ಲಿ ಎಂದು ಕೇಳಿ, ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.